ಪದಚರ್ಚೆ: ‘ತೌಲನಿಕ ಸಾಹಿತ್ಯ’ ಸರಿಯೇ? (ನಾಳೆಯೇ ಬೇಕು)

ಎಲ್ಲರಿಗೂ ನಮಸ್ಕಾರ. ಹೈದರಾಬಾದಿನಲ್ಲಿ ಕಂಪ್ಯಾರಿಟಿವ್ ಲಿಟರೇಚರ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ದಾಸರ ಪದಗಳನ್ನೂ ಮರಾಠಿ ಭಕ್ತಿಗೀತೆಗಳಾದ ಅಭಂಗಗಳನ್ನೂ ಜೊತೆಗಿಟ್ಟು ಓದುವುದು ನನ್ನ ಕೆಲಸ. ಮುಂದಿನ ವಾರ ವಿಜಯಪುರ, ಸೊಲ್ಲಾಪುರದ ಕಡೆ ಭಜನಾ ಮಂಡಳಿಯವರನ್ನು ಮಾತಾಡಿಸಲು ಹೋಗುತ್ತೇನೆ. ಅವರ ಕೈಗೆ ಕೊಡಲು ಒಂದು ಪುಟದ ಪರಿಚಯ ಪತ್ರ ಬೇಕು. ನಾಳೆ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕು. ಅದರಲ್ಲಿ ನನ್ನ ವಿಷಯದ ಹೆಸರನ್ನು ‘ತೌಲನಿಕ ಸಾಹಿತ್ಯ’ ಎಂದು ಬರೆದಿದ್ದೆ. ಚಿಕ್ಕಪ್ಪ ಓದಿ, “ಇದೇನು, ತೂಕದ ಲೆಕ್ಕವಾ?” ಅಂದರು. ಬೇರೆ ಪದ ಇದೆಯೇ?

ಉತ್ತರ:
ಇದರಲ್ಲಿ ಕೇಳುವುದೇನಿದೆ? ಪುರಾಣ–ಪೌರಾಣಿಕ, ಕುಟುಂಬ–ಕೌಟುಂಬಿಕ, ತುಲನ–ತೌಲನಿಕ. ಮರಾಠಿಯವರೂ ಇದನ್ನೇ ಬಳಸುತ್ತಾರೆ. ಹಿಂದಿಯವರ ‘ತುಲನಾತ್ಮಕ’ ಬೇಡ. ಕಂಡಕಂಡ ಪದಕ್ಕೆ ‘ಆತ್ಮಕ’ ಅಂಟಿಸುವ ಚಟ ನಮಗೆ ಜಾಸ್ತಿಯಾಗಿದೆ. ನಿಮ್ಮ ಚಿಕ್ಕಪ್ಪ ಹೇಳಿದ್ದು ತಪ್ಪಲ್ಲ. ತುಲಾ ಅಂದರೆ ತಕ್ಕಡಿಯೇ. ತುಲಾಭಾರದಲ್ಲಿರುವುದೂ ಅದೇ.

ಉತ್ತರ:
‘ಹೋಲಿಕೆ’ ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ಹಳಗನ್ನಡದ ‘ಪೋಲ್’, ಇವತ್ತಿನ ‘ಹೋಲು’. ತಮಿಳರು ಹೋಲಿಕೆಗೆ ತಮ್ಮ ‘ಒಪ್ಪು’ ಇಟ್ಟುಕೊಂಡು, ಸಾಹಿತ್ಯಕ್ಕಿರುವ ‘ಇಲಕ್ಕಿಯಂ’ ಸೇರಿಸಿ ‘ಒಪ್ಪಿಲಕ್ಕಿಯಂ’ ಎಂದು ಕಟ್ಟಿಕೊಂಡರು. ನಮಗೆ ಮಾತ್ರ ಸ್ವಂತ ಪದ ಅಂದರೆ ನಾಚಿಕೆ. ‘ಹೋಲಿಕೆ ಸಾಹಿತ್ಯ’ ಅಂತ ಬರೆಯಿರಿ.

ಉತ್ತರ:
ಇಬ್ಬರೂ ಮೊದಲ ಪದದ ಹಿಂದೆ ಬಿದ್ದಿದ್ದೀರಿ. ತೊಡಕಿರುವುದು ಎರಡನೆಯದರಲ್ಲಿ. ಹೋಲಿಸುವುದು ಓದುವವರು, ಸಾಹಿತ್ಯ ಅಲ್ಲ. ಅಭಂಗ ಬರೆದ ತುಕಾರಾಮರು ಹುಟ್ಟುವ ಹೊತ್ತಿಗೆ ಪುರಂದರದಾಸರು ತೀರಿಕೊಂಡಿದ್ದರು. ದಾಸರ ಪದದಲ್ಲಿ ‘ತೌಲನಿಕ’ವಾದದ್ದು ಏನಿದೆ? ಈ ತೊಡಕು ಇಂಗ್ಲಿಷ್ ಹೆಸರಿನಲ್ಲೇ ಇದೆ. ನಾವು ಹಾಗೇ ಹೊತ್ತು ತಂದೆವು.

1907ರಲ್ಲಿ ಕೊಲ್ಕತ್ತದಲ್ಲಿ ಈ ವಿಷಯದ ಮೇಲೆ ಮಾತಾಡುವಾಗ ರವೀಂದ್ರನಾಥ ಟಾಗೋರರು ತುಲನೆಯನ್ನೇ ಬಿಟ್ಟು ‘ವಿಶ್ವಸಾಹಿತ್ಯ’ ಎಂದು ಕರೆದರು. ಆದರೂ 1956ರಲ್ಲಿ ಬಂಗಾಳಿ ಕವಿ ಬುದ್ಧದೇವ ಬಸು ಜಾದವಪುರ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ವಿಭಾಗ ಶುರು ಮಾಡಿದ ಮೇಲೆ ಬಂಗಾಳಿಯಲ್ಲಿ ನಿಂತದ್ದು ‘ತುಲನಾಮೂಲಕ ಸಾಹಿತ್ಯ’. ಮಲಯಾಳಿಗಳದು ಇನ್ನೂ ಚೆಂದ: ‘ತಾರತಮ್ಯ ಸಾಹಿತ್ಯಂ’. ತರ, ತಮ ಎರಡೂ ಹೋಲಿಸುವ ಪ್ರತ್ಯಯಗಳೇ. ಕನ್ನಡದಲ್ಲಿ ಅದೇ ಪದ ಭೇದಭಾವ ಆಗಿಬಿಟ್ಟಿದೆ. ಅದನ್ನು ಅಚ್ಚು ಹಾಕಿಸಿ ಭಜನೆಯವರ ಕೈಗೆ ಕೊಟ್ಟರೆ ಯಾರೂ ಬಾಯಿ ಬಿಡುವುದಿಲ್ಲ. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಇಲ್ಲಿ ಬಂದು ಏನಾಯಿತು ಅಂತ ನೋಡಬೇಕು, ಅಲ್ವಾ?

‘ಹೋಲಿಕೆ’ಯದೂ ಅದೇ ಕಷ್ಟ. ಕೇಳಿದವರಿಗೆ ‘ಎರಡೂ ಒಂದೇ ಥರ ಇವೆ’ ಅನ್ನಿಸುತ್ತದೆ. ನೀವು ವ್ಯತ್ಯಾಸವನ್ನೂ ನೋಡುತ್ತೀರಿ. ‘ಹೋಲಿಸಿ ನೋಡುವುದು’ ಅಂದರೆ ಆ ತೊಂದರೆ ಇಲ್ಲ.

ಮೇಲೆ ‘ಸಾಹಿತ್ಯದ ತೌಲನಿಕ ಅಧ್ಯಯನ’ ಎಂದು ಹಾಕಿ. ಕೆಳಗೆ ದಪ್ಪಕ್ಷರದಲ್ಲಿ ‘ದಾಸರ ಪದಗಳನ್ನೂ ಅಭಂಗಗಳನ್ನೂ ಹೋಲಿಸಿ ನೋಡುವ ಸಂಶೋಧನೆ’. ‘ಡಾಕ್ಟರೇಟ್’ ಬೇಡ, ‘ಪಿಎಚ್‌.ಡಿ.’ ಸಾಕು. ಡಾಕ್ಟರ್ ಅಂದ ಕೂಡಲೇ ಹಳ್ಳಿಯಲ್ಲಿ ಮಂಡಿನೋವಿಗೆ ಔಷಧಿ ಕೇಳುತ್ತಾರೆ. ನನ್ನ ಹತ್ತಿರ ಕೇಳಿದ್ದಾರೆ.

ಉತ್ತರ:
‘ಪಿಎಚ್‌.ಡಿ.’ ನಡೆಯುತ್ತದೆ, ‘ಹೋಲಿಕೆ’ಯವರಿಗೆ ಸಂಸ್ಕೃತ ಮಾತ್ರ ಭಾರ! ಹಿಂದಿಯಲ್ಲಿ ‘ವಿದ್ಯಾವಾಚಸ್ಪತಿ’ ಅನ್ನುವುದಿಲ್ಲವೇ?

ಉತ್ತರ:
‘ಹೋಲಿಕೆ’ ಅಂದದ್ದು ನಾನೇ. ಹಿಂದಿಯವರು ಏನಾದರೂ ಅನ್ನಲಿ. ಹಿಂದಿಯ ‘ತುಲನಾತ್ಮಕ’ ಬೇಡ ಅಂದವರು ನೀವೇ. ಕನ್ನಡದಲ್ಲಿ ‘ವಿದ್ಯಾವಾಚಸ್ಪತಿ ಮಾಡ್ತಿದ್ದೀನಿ’ ಅಂತ ಯಾರು ಹೇಳುತ್ತಾರೆ? ‘ಪಿಎಚ್‌.ಡಿ.’ಯನ್ನೂ ನಾನು ಒಪ್ಪಿಲ್ಲ. ಆ ಜಗಳ ಬೇರೆ.

ಉತ್ತರ:
ಎಲ್ಲರಿಗೂ ಧನ್ಯವಾದ. ಆ ಎರಡು ಸಾಲುಗಳನ್ನೇ ಹಾಕಿ ಪ್ರೆಸ್ಸಿಗೆ ಕಳಿಸಿದೆ. ಕಳಿಸುವ ಮುಂಚೆ ಚಿಕ್ಕಪ್ಪನಿಗೆ ತೋರಿಸಿದೆ. ಮೇಲಿನ ಸಾಲನ್ನು ಸುಮ್ನೆ ದಾಟಿದರು. ಕೆಳಗಿನದನ್ನು ಓದಿ, “ಯಾವ ಅಭಂಗ? ಒಂದು ಹಾಡು ನೋಡೋಣ” ಅಂದರು.