2013–14ರ ಐ-ಲೀಗ್: ಬೆಂಗಳೂರು ಎಫ್‌ಸಿ ಗೆದ್ದದ್ದೋ, ಗೆಲ್ಲಿಸಿದ್ದೋ?

ಕೆಂಪುಹಳದಿ: ಆಗ ದೇಶದ ಅಗ್ರ ಫುಟ್‌ಬಾಲ್ ಲೀಗಾಗಿದ್ದ ಐ-ಲೀಗನ್ನು ಬೆಂಗಳೂರು ಎಫ್‌ಸಿ ಗೆದ್ದ ಆ ಋತುವಿನ ಮಾತು ಬಂದಾಗಲೆಲ್ಲ ಇಲ್ಲಿ ಹೊಗಳಿಕೆಯೇ. ಕೋಲ್ಕತ್ತದಲ್ಲಿ ನೆಲೆಸಿದ ಕನ್ನಡಿಗನಾಗಿ ಕೇಳುತ್ತೇನೆ: ಎರಡನೆಯ ದರ್ಜೆಯಲ್ಲಿ ಒಂದು ಪಂದ್ಯವನ್ನೂ ಆಡದ ತಂಡ ಮೇಲಿನ ಲೀಗಿಗೆ ಹೇಗೆ ಬಂತು? ಜುಲೈ 2013ರಲ್ಲಿ ಹುಟ್ಟಿದ ಕ್ಲಬ್ಬು ಸೆಪ್ಟೆಂಬರಿನಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಎದುರು ಕಣಕ್ಕಿಳಿಯಿತು. ಅದೇ ವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್ ಮತ್ತು ರಂಗ್ದಾಜಿಯೆಡ್ ಕೆಳಗಿನಿಂದ ಗೆದ್ದು ಮೇಲೆ ಬಂದಿದ್ದವು. ಇದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಕ್ಲಬ್ಬಿನ ಒಡೆಯ ಜೆಎಸ್‌ಡಬ್ಲ್ಯು ಕಂಪನಿಯ ಕೈಗಿಟ್ಟ ಪ್ರಶಸ್ತಿ.

ಅಶೋಕನಗರ ಗ್ಯಾಲರಿ: "ಕೈಗಿಟ್ಟ ಪ್ರಶಸ್ತಿ" ಎಂದಿರಲ್ಲ, ಒಕ್ಕೂಟ ಕೊಟ್ಟದ್ದು ಪ್ರವೇಶ ಮಾತ್ರ. 24 ಪಂದ್ಯಗಳಲ್ಲಿ 47 ಅಂಕಗಳನ್ನು ಯಾರೂ ಬಳುವಳಿಯಾಗಿ ಕೊಡುವುದಿಲ್ಲ. ಎರಡನೆಯ ಸ್ಥಾನದಲ್ಲಿದ್ದ ನಿಮ್ಮ ಕೋಲ್ಕತ್ತದ ಈಸ್ಟ್ ಬೆಂಗಾಲ್ ಗಳಿಸಿದ್ದು 43. ಐದು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಡೆಂಪೊವನ್ನು 2014ರ ಏಪ್ರಿಲ್ 21ರಂದು ಗೋವಾದ ಅವರದೇ ಫತೋರ್ಡಾ ಮೈದಾನದಲ್ಲಿ 4–2ರಿಂದ ಮಣಿಸಿ ಪ್ರಶಸ್ತಿ ಎತ್ತಿಕೊಂಡರು. ನಾಯಕ ಸುನಿಲ್ ಚೆಟ್ರಿ 14 ಗೋಲು ಹೊಡೆದರು. ಅದನ್ನೂ ಒಕ್ಕೂಟವೇ ಹೊಡೆಸಿತೇ?

ಕೆಂಪುಹಳದಿ: 43 ಎನ್ನುವಾಗ ಮುಂದಿನದನ್ನೂ ಹೇಳಿ. ಈಸ್ಟ್ ಬೆಂಗಾಲ್ ಆ ಅಕ್ಟೋಬರಿನಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್ ಆಡುತ್ತಿತ್ತು, ದೇಶದ ಪರವಾಗಿ. ನಡುವೆ ತರಬೇತುದಾರ ಫಲೋಪಾ ಹೋಗಿ ಅರ್ಮಾಂಡೊ ಕೊಲಾಸೊ ಬಂದರು. ಅಷ್ಟಾದರೂ ನಾಲ್ಕೇ ಅಂಕ ಹಿಂದೆ.

ಅಶೋಕನಗರ ಗ್ಯಾಲರಿ: ಆ ಸೆಮಿಫೈನಲ್‌ನಲ್ಲಿ ಕುವೈತ್ ತಂಡದೆದುರು 2–4, ಆಮೇಲೆ ತವರಿನಲ್ಲಿಯೇ 0–3. ತರಬೇತುದಾರನನ್ನು ಉಳಿಸಿಕೊಳ್ಳಲಾರದ್ದು ನಿಮ್ಮ ಆಡಳಿತದ ದೋಷ. ನಮ್ಮ ಊರಿನ ತಂಡ ಆ್ಯಶ್ಲಿ ವೆಸ್ಟ್‌ವುಡ್‌ ಅವರನ್ನು ತಂದಿತು, ನಂಬಿತು, ಗೆದ್ದಿತು.

ಗೌತಮಪುರದವ: "ನಮ್ಮ ಊರಿನ ತಂಡ" ಎಂಬ ಮಾತಿಗಾಗಿಯೇ ಬರೆಯುತ್ತಿದ್ದೇನೆ. ಆ ತಂಡದ ರಿನೊ ಆಂಟೊ ಕೇರಳದವರು, ಥೊಯ್ ಸಿಂಗ್ ಮಣಿಪುರದವರು, ಬೈಖೊಖೈ ಮಿಜೋರಾಮಿನವರು, ಜಾನ್ ಜಾನ್ಸನ್ ಇಂಗ್ಲೆಂಡಿನವರು. ನಮ್ಮ ಬೀದಿಗಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗರು ಎಲ್ಲಿದ್ದರು? ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ತಂಡ ಐ-ಲೀಗಿನಿಂದ 2012ರಲ್ಲಿ ಕೆಳಗಿಳಿದಾಗ ಈ ಅಭಿಮಾನಿಗಳಲ್ಲಿ ಒಬ್ಬನಾದರೂ ಕಣ್ಣೀರು ಹಾಕಿದನೇ?

ಅಶೋಕನಗರ ಗ್ಯಾಲರಿ: ಎಚ್‌ಎಎಲ್ ಆ ವರ್ಷ ಪಟ್ಟಿಯ ತಳದಲ್ಲಿತ್ತು. ಕಾರ್ಖಾನೆಯ ತಂಡವನ್ನು ಕಾರ್ಖಾನೆಯೇ ಸಾಕಬೇಕಿತ್ತು.

ಗೌತಮಪುರದವ: ಸಾಕಲಿಲ್ಲ ಎಂಬುದೇ ನನ್ನ ಸಂಕಟ! ಐಟಿಐ (ದೂರವಾಣಿ ಕಾರ್ಖಾನೆ), ಎಚ್‌ಎಎಲ್ ತಂಡಗಳು ಆಟಗಾರನಿಗೆ ನೌಕರಿ ಕೊಟ್ಟವು, ಸಂಬಳ ಕೊಟ್ಟವು, ಮನೆಯವರಿಗೆ ಧೈರ್ಯ ಕೊಟ್ಟವು. ಆ ವ್ಯವಸ್ಥೆ ಸತ್ತ ಮೇಲೆ ಬಂದವರು ತಮ್ಮಿಂದಲೇ ಊರಿಗೆ ಫುಟ್‌ಬಾಲ್ ಬಂತು ಎನ್ನುತ್ತಾರೆ. ಮೈಸೂರು ರಾಜ್ಯದ ತಂಡ 1968–69ರಲ್ಲಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದದ್ದು ಯಾವ ಕಂಪನಿಯ ದುಡ್ಡಿನಿಂದ?

ಕೆಂಪುಹಳದಿ: ಗೌತಮಪುರದವರು ಹೇಳಿದ್ದು ನೂರಕ್ಕೆ ನೂರು ಸರಿ. ಹೊರಗಿನವರನ್ನು ತಂದು ಊರ ಹೆಸರು ಅಂಟಿಸಿದ ತಂಡ ಅದು.

ಹಲಸೂರು ಹಳಬ: "ಹೊರಗಿನವರು" ಎಂದು ಈಸ್ಟ್ ಬೆಂಗಾಲ್ ಅಭಿಮಾನಿ ಬರೆಯಬಾರದಿತ್ತು. ನಿಮ್ಮ ಕ್ಲಬ್ಬಿನ ಪಂಚಪಾಂಡವರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದ ಅಹ್ಮದ್ ಖಾನ್ ಯಾವ ಊರಿನವರು? ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್ ಆಡಿದವರು. ಅವರ ಗೋಲುಗಳನ್ನು ಬಂಗಾಳದವು ಎಂದು ಎಣಿಸಿಕೊಂಡವರು ಚೆಟ್ರಿಯ ಗೋಲುಗಳನ್ನು ಬೆಂಗಳೂರಿನವು ಎಂದು ಒಪ್ಪಲು ಏಕೆ ಹಿಂಜರಿಯುತ್ತೀರಿ?

ಕೆಂಪುಹಳದಿ: ಅಹ್ಮದ್ ಖಾನ್ ಅವರನ್ನು ಈ ಜಗಳಕ್ಕೆ ಎಳೆಯಬೇಡಿ. ಅವರು ವರ್ಷಗಟ್ಟಲೆ ನಮ್ಮ ಅಂಗಿ ತೊಟ್ಟವರು, ಒಂದು ಋತುವಿಗೆ ಬಾಡಿಗೆಗೆ ಬಂದವರಲ್ಲ.

ಹಲಸೂರು ಹಳಬ: ಒಂದು ಋತುವೇ? ಚೆಟ್ರಿ 2013ರಿಂದ ಎಷ್ಟು ವರ್ಷ ಆ ನೀಲಿ ಅಂಗಿಯಲ್ಲಿ ಆಡಿದರು ಎಂಬುದು ಭಾರತದ ಪ್ರತಿ ಫುಟ್‌ಬಾಲ್ ಪ್ರೇಮಿಗೂ ಗೊತ್ತು.

ಗೌತಮಪುರದವ: ಅಹ್ಮದ್ ಖಾನ್ ಕೋಲ್ಕತ್ತಕ್ಕೆ ಹೋದದ್ದು ಇಲ್ಲಿ ಹೊಟ್ಟೆ ತುಂಬುವಂತಹ ಕ್ಲಬ್ಬು ಇಲ್ಲದ್ದರಿಂದ. ಅದನ್ನು ಯಾರೂ ಯೋಚಿಸುವುದಿಲ್ಲ. ಇಲ್ಲಿನ ಇನ್ನೊಬ್ಬ ಆಟಗಾರ ಅರುಮೈನಾಯಗಂ ಹೋದದ್ದೂ ಹಾಗೆಯೇ, ಮೋಹನ್ ಬಾಗಾನ್‌ಗೆ.

ಅಶೋಕನಗರ ಗ್ಯಾಲರಿ: ನೀವೇ ಹೇಳಿದಿರಿ, "ಹೊಟ್ಟೆ ತುಂಬುವಂತಹ ಕ್ಲಬ್ಬು ಇಲ್ಲದ್ದರಿಂದ" ಎಂದು. ಅಂತಹ ಕ್ಲಬ್ಬು ಬಂದಾಗ ಮೊದಲು ಕಲ್ಲು ಹೊಡೆದವರೂ ನೀವೇ.

ಗೌತಮಪುರದವ: ಕಲ್ಲು ಹೊಡೆದವನಲ್ಲ ನಾನು! ಆ ಋತುವಿನ ಪಂದ್ಯಗಳಿಗೆ ಟಿಕೆಟ್ ಕೊಂಡು ಹೋಗಿ ಅಶೋಕನಗರದ ಮೈದಾನದಲ್ಲಿ ಗಂಟಲು ಹರಿಯುವಷ್ಟು ಕೂಗಿದವನು. ಕೂಗಿದ್ದರಿಂದಲೇ ಕೇಳುವ ಹಕ್ಕು ನನಗಿದೆ.

ಮಡಗಾಂವ್ ಮೇಲ್: ಎಲ್ಲರೂ ಮರೆತ ವಿಷಯವೊಂದಿದೆ. ಹಿಂದಿನ ವರ್ಷದ ಚಾಂಪಿಯನ್ ಚರ್ಚಿಲ್ ಬ್ರದರ್ಸ್ ಈ ಋತುವಿನ ನಂತರ ಪರವಾನಗಿ ಸಿಗದೆ ಲೀಗಿನಿಂದಲೇ ಹೊರಬಿತ್ತು. ಕೆಳಗಿನಿಂದ ಗೆದ್ದು ಬಂದ ರಂಗ್ದಾಜಿಯೆಡ್‌ನ ಗತಿಯೂ ಅದೇ. ನೇರ ಪ್ರವೇಶ ತಪ್ಪು ಎನ್ನುವವರು ಇದಕ್ಕೆ ಉತ್ತರ ಕೊಡಲಿ: ಗೆದ್ದು ಬಂದವರನ್ನು ಉಳಿಸಿಕೊಳ್ಳಲಾಗದ ಲೀಗಿನಲ್ಲಿ ದುಡ್ಡಿದ್ದ ಕ್ಲಬ್ಬನ್ನು ದೂರಿ ಪ್ರಯೋಜನವೇನು?

ಕೆಂಪುಹಳದಿ: "ದುಡ್ಡಿದ್ದ ಕ್ಲಬ್ಬು." ಕೊನೆಗೂ ಯಾರೋ ನಿಜ ಹೇಳಿದರು.

ಅಶೋಕನಗರ ಗ್ಯಾಲರಿ: ದುಡ್ಡಿದ್ದವರೆಲ್ಲ ಗೆಲ್ಲುವುದಾದರೆ 2015ರ ಮೇ 31ರಂದು ಕಂಠೀರವದಲ್ಲಿ ಪ್ರಶಸ್ತಿ ಬಾಗಾನ್ ಪಾಲಾಗುತ್ತಿರಲಿಲ್ಲ. ಕೊನೆಯ ದಿನ, 1–1, ಕೈಗೆ ಬಂದದ್ದು ಹೋಯಿತು. ಅಂದು ನಾವು ಯಾರನ್ನೂ ದೂರಲಿಲ್ಲ. ನೀವು 2014ರ ಲೆಕ್ಕವನ್ನು ಇನ್ನೂ ಮುಗಿಸಿಲ್ಲ.

ಗೌತಮಪುರದವ: ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂದ ಕರ್ನಾಟಕದ ಹುಡುಗರಲ್ಲಿ ಎಷ್ಟು ಜನರ ಹೆಸರು ಇಲ್ಲಿರುವವರಿಗೆ ಗೊತ್ತು? ಬರೆಯಿರಿ, ಕಾಯುತ್ತೇನೆ.

ಅಶೋಕನಗರ ಗ್ಯಾಲರಿ: ಚರ್ಚೆ 2013–14ರದ್ದು. 47 ಮತ್ತು 43.