ಪದ ಬೇಕಿದೆ: ಟೈರ್ ಅಂಗಡಿ ಫಲಕಕ್ಕೆ ‘ಆಫ್‌ಸೆಟ್’, ‘ರಬ್ಬಿಂಗ್’ (ಅರ್ಜೆಂಟ್)

ಜೆ.ಸಿ. ರಸ್ತೆಯ ಟೈರ್ ಅಂಗಡಿಯೊಂದರ ಗೋಡೆ ಫಲಕ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ವಿಷಯ: ಹಳೆಯ ಪಿಕಪ್‌ಗಳಿಗೆ 215/75 ಆರ್ 15 ಟೈರ್ (ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ) ಬದಲು 235/75 ಆರ್ 15 ಹಾಕುವಾಗ ಗಮನಿಸಬೇಕಾದ್ದು. ಎರಡು ಪದಕ್ಕೆ ಕೆಲಸ ನಿಂತಿದೆ. ಒಂದು ಆಫ್‌ಸೆಟ್: ಡಿಸ್ಕಿನ (ಟೈರ್ ಕೂರುವ ಲೋಹದ ಚಕ್ರದ) ಅಗಲದ ನಡುಗೆರೆಗೂ ಅದು ಆಕ್ಸಲ್ ತುದಿಯ ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರ. ಇನ್ನೊಂದು ರಬ್ಬಿಂಗ್: ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡಿಗೋ ಬಂಪರ್ ಮೂಲೆಗೋ ತಿಕ್ಕುವುದು. ‘ಘರ್ಷಣೆ’ ಬೇಡ, ರಸ್ತೆಯ ಹಿಡಿತ ಅಂದುಕೊಳ್ಳುತ್ತಾರೆ.
– ಸು.

ಪಾರ್ಶ್ವವಿಚಲನ. ಧನ, ಋಣ ಸೇರಿಸಿಕೊಳ್ಳಿ. ಘರ್ಷಣೆಯಲ್ಲಿ ತಪ್ಪೇನಿಲ್ಲ, ಓದುವವರು ಕಲಿಯಲಿ.
– ಮ.ರಾ.

ಪಾರ್ಶ್ವವಿಚಲನ ಅಂತ ಬರೆದರೆ ಗಿರಾಕಿ ಪಾರ್ಶ್ವವಾಯುವಿನ ಆಸ್ಪತ್ರೆ ಅಂದುಕೊಂಡು ಮುಂದೆ ಹೋಗ್ತಾನೆ. ನಮ್ಮದೇ ನುಡಿಯಲ್ಲಿ ಹೊರಸರಿತ (ಪ್ಲಸ್), ಒಳಸರಿತ (ಮೈನಸ್) ಅನ್ನಬಹುದು. ರಬ್ಬಿಂಗ್‌ಗೆ ‘ಒರೆತ’, ಒರೆಗಲ್ಲು ಇಲ್ಲವೇ? ಹಾಗೆಯೇ ವೀಲ್‌ಗೆ ಚಕ್ರ ಬೇಡ, ಗಾಲಿ ಸಾಕು. ತಮಿಳಿನಲ್ಲಿ ‘ಕಾಲ್’ ಅಂದರೂ ವೀಲೇ. ಬೇರು ಒಂದೇ.
– ಕೆ.

ಕೆ. ಅವರೇ, ಬೇರು ಸರಿ, ಬಾಣ ತಲೆಕೆಳಗು. ಪ್ಲಸ್ ಅಂದರೆ ಹಬ್ಬಿಗೆ ಕೂರುವ ಮುಖ ನಡುಗೆರೆಯಿಂದ ಹೊರಗಿದೆ ಅಂತ. ಆಗ ಟೈರ್ ಗಾಡಿಯ ಒಳಕ್ಕೆ ಹೋಗುತ್ತೆ. ‘ಹೊರಸರಿತ 30’ ಓದಿದವನು ಟೈರ್ ಹೊರಗೆ ಬರುತ್ತೆ ಅಂತ ನಂಬಿ ಡಿಸ್ಕ್ ಕೊಳ್ತಾನೆ, ಅದು ಒಳಗೆ ಕಮಾನು ಪಟ್ಟಿಗೆ ತಿಕ್ಕುತ್ತೆ. ಆಫ್‌ಸೆಟ್ ಕಡಿಮೆಯಾದಷ್ಟೂ ಟೈರ್ ಹೊರಕ್ಕೆ. ತಿರುಗಿಸುವಾಗ ದೊಡ್ಡ ಸುತ್ತು ಹೊಡೆದು ಬಂಪರ್ ಮೂಲೆಗೆ ಬಡಿಯುತ್ತೆ, ವೀಲ್ ಬೇರಿಂಗಿಗೂ ಹೊರೆ. ಪದ ಟೈರಿನ ಕಡೆಯಿಂದ ನೋಡಿ ಹುಟ್ಟಬೇಕು, ಡಿಸ್ಕಿನ ಮುಖದ ಕಡೆಯಿಂದಲ್ಲ. ಅದಾಗದಿದ್ದರೆ ಆಫ್‌ಸೆಟ್ ಅಂತಲೇ ಬಿಡಿ. ಡಿಸ್ಕಿನ ಮೇಲೆ ಅಚ್ಚಾಗಿರೋದು ‘ಇ.ಟಿ. 30’ (ಆಫ್‌ಸೆಟ್ 30 ಮಿ.ಮೀ.), ಗಿರಾಕಿ ಹುಡುಕೋದೂ ಅದನ್ನೇ.

ಗಾಲಿಯೂ ಈ ಫಲಕಕ್ಕೆ ಬೇಡ. ಪಕ್ಕದಲ್ಲೇ ‘ಗಾಳಿ’ ಇರುತ್ತೆ, ಒಂದು ಕಡೆ ಅಕ್ಷರ ತಪ್ಪೋದು ಖಂಡಿತ.

ರಬ್ಬಿಂಗ್‌ಗೆ ‘ಉಜ್ಜು’. ‘ತಾಗು’ ಆಗಲ್ಲ: ಒಮ್ಮೆ ತಾಗಿದರೆ ಏನೂ ಆಗದು, ಉಜ್ಜುತ್ತಲೇ ಇದ್ದರೆ ಟೈರಿನ ಭುಜ ಕತ್ತರಿಸುತ್ತೆ. ಖಾಲಿ ಗಾಡಿ ನಿಲ್ಲಿಸಿ ಪರೀಕ್ಷಿಸಿದರೆ ತಿಳಿಯದು ಅಂತಲೂ ಬರೆಯಿರಿ. ಲೋಡ್ ಹಾಕಿ, ಎರಡೂ ಕಡೆ ಪೂರ್ತಿ ತಿರುಗಿಸಿ, ರಿವರ್ಸಿನಲ್ಲೂ ನೋಡಬೇಕು. ಸ್ಟೇರಿಂಗ್ ಸ್ಟಾಪರ್ ಬೋಲ್ಟ್ (ಗಾಡಿ ಎಷ್ಟು ತಿರುಗಬೇಕೆಂದು ತಡೆಯುವುದು) ಉದ್ದ ಮಾಡಿದರೆ ಉಜ್ಜೋದು ನಿಲ್ಲಬಹುದು, ಆದರೆ ಗಾಡಿ ತಿರುಗಲು ಜಾಸ್ತಿ ಜಾಗ ಬೇಕು. ಡಿಸ್ಕ್ 5.5 ಇಂಚು ಅಗಲದ್ದಾದರೆ 235 ಹಾಕಬೇಡಿ, ಕನಿಷ್ಠ 6 ಬೇಕು.
– ನಾ.

ಹಾಗಾದರೆ ಕನ್ನಡ ಫಲಕ ಯಾಕೆ? ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಫಲಕದಲ್ಲಿ ಶೇಕಡ 60 ಕನ್ನಡ ಅಂದಿದ್ದು ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆಯೋಕಾ?
– ಕೆ.

ಸ್ಟೆಪ್ನಿ ಯಾವ ಭಾಷೆ? ವೇಲ್ಸಿನ ಲ್ಯಾನೆಲ್ಲಿ ಊರಿನ ಒಂದು ಬೀದಿಯ ಹೆಸರು. ಅಲ್ಲಿ ಯಾರೂ ಬಳಸಲ್ಲ, ಇಲ್ಲಿ ಎಲ್ಲರೂ ಬಳಸ್ತಾರೆ. ಅದನ್ನು ಓಡಿಸಿ ನೋಡೋಣ.
– ನಾ.

ಅದು ವಾದವೇ ಅಲ್ಲ.
– ಮ.ರಾ.

ಎಲ್ಲರಿಗೂ ವಂದನೆ. ಅಂತಿಮ ಪಾಠ: “ಡಿಸ್ಕಿನ ಆಫ್‌ಸೆಟ್ ಹೆಚ್ಚಾದರೆ ಟೈರ್ ಒಳಕ್ಕೆ, ಕಡಿಮೆಯಾದರೆ ಹೊರಕ್ಕೆ. ಎರಡೂ ಕಡೆ ಉಜ್ಜದಂತೆ ನೋಡಿ. ಟೈರ್ ಎತ್ತರ 30 ಮಿ.ಮೀ. ಹೆಚ್ಚುತ್ತದೆ, ಗಾಡಿ 15 ಮಿ.ಮೀ. ಏರುತ್ತದೆ. ಮೀಟರ್ 60 ತೋರಿಸಿದಾಗ ನಿಜ ವೇಗ ಸುಮಾರು 62.5.”
– ಸು.

‘ಮೀಟರ್ ಸರಿಯಿದ್ದರೆ’ ಅಂತ ಸೇರಿಸಿ, ಹಳೇ ಗಾಡಿ. ಇನ್ನೊಂದು ಸಾಲು ಬಿಟ್ಟಿದ್ದೀರಿ: ಚಾಸಿ ಕೆಳಗೆ ಸ್ಟೆಪ್ನಿ ಕೂರುವ ಜಾಗ ಅಳೆಯಬೇಕು. 235 ಅಲ್ಲಿ ಹಿಡಿಸದಿದ್ದರೆ ಬಾಡಿ ಒಳಗೆ ಹಾಕಬೇಕು, ಅಷ್ಟು ಲೋಡಿನ ಜಾಗ ಹೋಯ್ತು. ನಟ್‌ಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿಸಲು ಹೇಳಿ.
– ನಾ.

ಸ್ಟೆಪ್ನಿ ಅಲ್ಲ, ‘ಬಿಡಿಗಾಲಿ’.
– ಕೆ.