ಮತದಾನ ಕಡ್ಡಾಯವಾಗಬೇಕೆ? ವಕೀಲರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಮತ ಹಾಕದವರಿಗೆ ದಂಡ ವಿಧಿಸಬೇಕು ಎಂದು ಕಳೆದ ವಾರ ಗುಂಪಿನಲ್ಲಿ ದೊಡ್ಡ ವಾದವೇ ನಡೆಯಿತು. ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿಗಳನ್ನು ನಡೆಸುವ ನಮ್ಮ ಸದಸ್ಯೆಯೊಬ್ಬರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ನಿವೃತ್ತ ಉಪನ್ಯಾಸಕರು, ಶಿವಮೊಗ್ಗ: ಮೇಡಂ, ನಮಸ್ಕಾರ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 81ರಷ್ಟು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸು. ಓದಿದವರೇ ಹೀಗೆ ಮಾಡಿದರೆ ಹೇಗೆ? ತೆರಿಗೆ ಕಡ್ಡಾಯ, ಹೆಲ್ಮೆಟ್ ಕಡ್ಡಾಯ. ಮತ ಮಾತ್ರ ಏಕೆ ಇಷ್ಟಬಂದಂತೆ?

ವಕೀಲರು: ನಮಸ್ಕಾರ ಸರ್. ಮೊದಲು ಕಾನೂನು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 79ನೇ ಕಲಮು 'ಚುನಾವಣಾ ಹಕ್ಕು' ಎಂದರೆ ಏನು ಎಂದು ಹೇಳುತ್ತದೆ. ಮತ ಹಾಕುವುದರ ಜೊತೆಗೆ ಮತ ಹಾಕದೆ ಇರುವುದೂ ಅದರಲ್ಲಿ ಸೇರಿದೆ. 'ನೋಟಾ' (ಯಾವ ಅಭ್ಯರ್ಥಿಯೂ ಬೇಡ ಎಂಬ ಆಯ್ಕೆ) ತಂದ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಜೊತೆ ಸೇರಿಸಿ ನೋಡಿತು. ಚುನಾವಣಾ ಸುಧಾರಣೆಗೆಂದು ನೇಮಿಸಿದ್ದ 1990ರ ದಿನೇಶ್ ಗೋಸ್ವಾಮಿ ಸಮಿತಿ ಕಡ್ಡಾಯ ಮತದಾನವನ್ನು ಜಾರಿಗೊಳಿಸುವುದು ಕಷ್ಟ ಎಂದು ಕೈಬಿಟ್ಟಿತು. 2015ರಲ್ಲಿ ಕಾನೂನು ಆಯೋಗವೂ ಬೇಡವೆಂದಿತು. ಗುಜರಾತ್ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಈ ಕಾನೂನು ತಂದು 100 ರೂಪಾಯಿ ದಂಡವನ್ನೂ ಗೊತ್ತುಮಾಡಿತ್ತು. 2015ರಲ್ಲೇ ಅಲ್ಲಿನ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ಇನ್ನು ನನ್ನ ಅಭಿಪ್ರಾಯ: ಬೇಡ. ಬೂತಿಗೆ ಬಾರದವರೆಲ್ಲ ಸೋಮಾರಿಗಳು ಎಂಬ ನಂಬಿಕೆಯ ಮೇಲೆ ಈ ವಾದ ನಿಂತಿದೆ. ನನ್ನ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಮತ ಹಾಕಲು ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲದೆ ಹಿಂದಿರುಗಿದವರು.

ಗೃಹಿಣಿ, ದಾವಣಗೆರೆ: ಮೇಡಂ, ಮತ ಹಾಕದಿದ್ದರೆ ಬ್ಯಾಂಕ್ ಖಾತೆಯಿಂದ 350 ರೂಪಾಯಿ ಕಡಿತವಾಗುತ್ತದೆ ಎಂದು ಸಂದೇಶ ಬಂದಿದೆ. ನಿಜವೇ?

ವಕೀಲರು: ಸುಳ್ಳು. ಸುಳ್ಳೆಂದು ಚುನಾವಣಾ ಆಯೋಗವೇ ಹೇಳಿದೆ. ಬೇರೆಯವರಿಗೆ ಕಳುಹಿಸಬೇಡಿ.

ಪೀಣ್ಯದ ಸಣ್ಣ ಕಾರ್ಖಾನೆಯವರು: ಮೇಡಂ, ನಮ್ಮಲ್ಲಿ ಲೇತ್, ಡ್ರಿಲ್ಲಿಂಗ್ ಕೆಲಸ. ಹುಡುಗರಲ್ಲಿ ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯವರು. ಕಳೆದ ಸಲ ಸಂಬಳ ಸಹಿತ ರಜೆ ಕೊಟ್ಟೆ. ಅರ್ಧಕ್ಕರ್ಧ ಜನ ಕೋಣೆಯಲ್ಲಿ ಮಲಗಿದ್ದರು. ಈ ಬಾರಿ ಹಾಜರಿ ಯಂತ್ರದ ಪಕ್ಕದಲ್ಲೇ ಸೂಚನೆ ಅಂಟಿಸಿದ್ದೇನೆ: ಮಾರನೆಯ ದಿನ ಎಡಗೈ ತೋರುಬೆರಳಿನ ಶಾಯಿ ತೋರಿಸಬೇಕು, ಬೆರಳಿನ ಫೋಟೋ ಗುಂಪಿಗೆ ಹಾಕಬೇಕು, ಇಲ್ಲವಾದರೆ ಒಂದು ದಿನದ ಕೂಲಿ ಕಡಿತ. ದೇಶದ ಕೆಲಸವಲ್ಲವೇ? ಊರಿಗೆ ಹೋಗಲಾಗದು ಎಂದವರಿಗೆಲ್ಲ ನಾನೇ ಅರ್ಜಿ ತುಂಬಿಸಿ ಇಲ್ಲಿಯೇ ಹೆಸರು ಸೇರಿಸಿದ್ದೇನೆ. ಕಾನೂನಿನಲ್ಲಿ ತೊಡಕೇನೂ ಇಲ್ಲವಲ್ಲ?

ಶಿಕ್ಷಕಿ, ಗದಗ: ಚುನಾವಣಾ ಕರ್ತವ್ಯಕ್ಕೆ ಹಾಕಿದಾಗ ನಮ್ಮ ಮತ ತಪ್ಪಿಹೋಗುತ್ತದೆ. ಕಡ್ಡಾಯ ಮಾಡಿದರೆ ನಮಗೂ ದಂಡವೇ?

ಪಿಂಚಣಿದಾರರು, ತುಮಕೂರು: 350 ರೂಪಾಯಿ ಕಡಿತದ ವಿಚಾರ ಸ್ವಲ್ಪ ವಿವರಿಸಿ.

ವಕೀಲರು: ಮೇಲೆ ಉತ್ತರಿಸಿದ್ದೇನೆ.

ಪೀಣ್ಯದವರೇ, ನಿಮ್ಮ ಪ್ರಶ್ನೆ ನನಗೆ ಗಾಬರಿ ತಂದಿದೆ. ಸಾವಧಾನವಾಗಿ ಓದಿ.

ಮೊದಲನೆಯದು ಕೂಲಿ ಕಡಿತ. ಮತದಾನದ ದಿನ ಸಂಬಳ ಸಹಿತ ರಜೆ ಕೊಡುವುದು ನಿಮ್ಮ ಔದಾರ್ಯವಲ್ಲ, 1951ರ ಅದೇ ಕಾಯ್ದೆಯ 135ಬಿ ಕಲಮಿನ ಪ್ರಕಾರ ಅದು ಅವರ ಹಕ್ಕು. ಕೊಡದ ಮಾಲೀಕನಿಗೆ 500 ರೂಪಾಯಿಯವರೆಗೆ ದಂಡವಿದೆ. ಮತ ಹಾಕಿದರೆ ಮಾತ್ರ ಸಂಬಳ ಎಂದು ಆ ಕಲಮು ಎಲ್ಲಿಯೂ ಹೇಳುವುದಿಲ್ಲ. ಅಲ್ಲಿಗೇ ಮುಗಿಯಲಿಲ್ಲ. ಮತ ಹಾಕದೆ ಇರುವುದೂ ಚುನಾವಣಾ ಹಕ್ಕು ಎಂದೆನಲ್ಲ. ಅಪರಾಧಗಳ ಈಗಿನ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದೇ ಅರ್ಥವಿದೆ. ಆ ಹಕ್ಕನ್ನು ಮುಕ್ತವಾಗಿ ಚಲಾಯಿಸಲು ಅಡ್ಡಿ ಮಾಡುವುದು ಅನುಚಿತ ಪ್ರಭಾವ. ಒಂದು ವರ್ಷದವರೆಗೆ ಸೆರೆವಾಸದ ಅಪರಾಧ. ಒಳ್ಳೆಯ ಉದ್ದೇಶದಿಂದ ಅಂಟಿಸಿದ ಸೂಚನೆಯೇ ನಾಳೆ ನಿಮ್ಮ ವಿರುದ್ಧ ದಾಖಲೆಯಾದೀತು. ಇಂದು ರಾತ್ರಿಯೇ ಕಿತ್ತುಹಾಕಿ.

ಬೆರಳಿನ ಫೋಟೋ ಬೇಡವೇ ಬೇಡ. ಯಾರು ಬಂದರು, ಯಾರು ಬರಲಿಲ್ಲ ಎಂಬ ಪಟ್ಟಿ ಮಾಲೀಕನ ಮೊಬೈಲಿನಲ್ಲಿ ಇದ್ದರೆ, ಅದನ್ನು ಕೇಳಿಕೊಂಡು ಬರುವ ಮೊದಲ ವ್ಯಕ್ತಿ ನಿಮ್ಮ ಬಡಾವಣೆಯ ಪುಢಾರಿಯೇ ಆಗಿರುತ್ತಾನೆ.

ನನ್ನ ನಿಜವಾದ ಆತಂಕ ಮೂರನೆಯದು. ನೀವು ತುಂಬಿಸಿದ್ದು ಯಾವ ನಮೂನೆ? ಊರಿನ ಪಟ್ಟಿಯಲ್ಲಿ ಅವರ ಹೆಸರುಗಳು ಈಗಲೂ ಇವೆಯೇ? ಇದಕ್ಕೆ ಉತ್ತರ ಬೇಕು.

ಮೆಲ್ಬರ್ನ್ ಕನ್ನಡಿಗ: ಇಲ್ಲಿ ಆಸ್ಟ್ರೇಲಿಯಾದಲ್ಲಿ 1924ರಿಂದ ಕಡ್ಡಾಯವಿದೆ. ಮತ ಹಾಕದಿದ್ದರೆ ಕಾರಣ ಕೇಳಿ ಪತ್ರ ಬರುತ್ತದೆ. ಸರಿಯಾದ ಕಾರಣ ಕೊಡದಿದ್ದರೆ 20 ಡಾಲರ್ ದಂಡ. ಶೇ. 90ರ ಆಸುಪಾಸು ಮತದಾನ. ಯಾರೂ ಗೊಣಗುವುದಿಲ್ಲ. ಭಾರತದಲ್ಲಿ ಇಚ್ಛಾಶಕ್ತಿ ಇಲ್ಲ, ಅಷ್ಟೇ.

ನಿವೃತ್ತ ಉಪನ್ಯಾಸಕರು, ಶಿವಮೊಗ್ಗ: ನೂರಕ್ಕೆ ನೂರು ಸತ್ಯ. ನಮ್ಮವರಿಗೆ ದಂಡದ ಭಾಷೆ ಬಿಟ್ಟರೆ ಬೇರೆ ಅರ್ಥವಾಗದು.

ವಕೀಲರು: ಆಸ್ಟ್ರೇಲಿಯಾದ ಉಳಿದರ್ಧವನ್ನೂ ಹೇಳಬೇಕು. ಅಲ್ಲಿ ಮತದಾನ ಶನಿವಾರ. ಮುಂಚಿತವಾಗಿ ಮತ ಹಾಕುವ ಕೇಂದ್ರಗಳಿವೆ, ಅಂಚೆ ಮತವಿದೆ. ಮನೆ ಬದಲಾಯಿಸಿದರೆ ಬೇರೆ ಇಲಾಖೆಗಳ ದಾಖಲೆ ನೋಡಿ ಆಯೋಗವೇ ವಿಳಾಸ ತಿದ್ದಬಲ್ಲದು. ತನ್ನ ಪಾಲಿನ ಕೆಲಸ ಮಾಡಿದ ಮೇಲೆ ಅಲ್ಲಿನ ಸರ್ಕಾರ ದಂಡ ಕೇಳುತ್ತದೆ. ಇಲ್ಲಿ ಬಾಡಿಗೆ ಮನೆ ಬದಲಾದಾಗಲೆಲ್ಲ ಮತದಾರನೇ ನಮೂನೆ 8 ಹಿಡಿದು ಹೊರಡಬೇಕು. ದಂಡವನ್ನು ಮಾತ್ರ ಆಮದು ಮಾಡಿಕೊಳ್ಳುವುದು ಯಾವ ನ್ಯಾಯ? ನೆದರ್ಲೆಂಡ್ಸ್ 1970ರಲ್ಲಿ ಕಡ್ಡಾಯವನ್ನು ಕೈಬಿಟ್ಟಿತು. ಅಲ್ಲಿ ಪ್ರಜಾಪ್ರಭುತ್ವವೇನೂ ಮುಳುಗಲಿಲ್ಲ.

ಹನೂರು ತಾಲ್ಲೂಕಿನ ಸದಸ್ಯ: ಉಪನ್ಯಾಸಕರೇ, ದಂಡದ ಭಾಷೆ ಎಂದಿರಿ. ಮಲೆ ಮಹದೇಶ್ವರ ಬೆಟ್ಟದ ಕಾಡಿನ ಇಂಡಿಗನತ್ತ ಗೊತ್ತೇ? ರಸ್ತೆ, ನೀರು, ಕರೆಂಟು ಕೊಡಿ, ಆಮೇಲೆ ಮತ ಕೇಳಿ ಎಂದು 2024ರ ಏಪ್ರಿಲ್ 26ರಂದು ಜನ ಬಹಿಷ್ಕಾರ ಹಾಕಿದರು. ಅಧಿಕಾರಿಗಳು ಒಲಿಸಲು ಹೋದಾಗ ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು. 29ರಂದು ಮರುಮತದಾನ ಇಟ್ಟರು, ಆಗಲೂ ಹೆಚ್ಚಿನವರು ಬರಲಿಲ್ಲ. ಇಂಥವರಿಗೆ ದಂಡದ ಚೀಟಿ ಕೊಡಲು ನೀವು ಹೋಗುತ್ತೀರಾ?

ನಿವೃತ್ತ ಉಪನ್ಯಾಸಕರು, ಶಿವಮೊಗ್ಗ: ಯಂತ್ರ ಒಡೆದವರನ್ನು ಸಮರ್ಥಿಸುತ್ತಿದ್ದೀರಾ? ರಸ್ತೆ ಬೇಕಾದರೆ ಮತ ಹಾಕಿ ಕೇಳಲಿ.

ಹನೂರು ತಾಲ್ಲೂಕಿನ ಸದಸ್ಯ: ಒಡೆದದ್ದು ಸರಿ ಎಂದು ನಾನು ಎಲ್ಲಿ ಹೇಳಿದೆ? ಪ್ರತಿ ಸಲ ಮತ ಹಾಕಿಯೇ ಕೇಳಿದ್ದಾರೆ. ಮನೆ ಬಾಗಿಲಿಗೆ ಟಾರು ರಸ್ತೆ ಇರುವವರಿಗೆ ಇದು ತಿಳಿಯದು.

ನಿವೃತ್ತ ಉಪನ್ಯಾಸಕರು, ಶಿವಮೊಗ್ಗ: ನಾನು ಮೂವತ್ತು ವರ್ಷ ಹಳ್ಳಿ ಮಕ್ಕಳಿಗೆ ಪಾಠ ಹೇಳಿದವನು. ವೈಯಕ್ತಿಕವಾಗಿ ಮಾತಾಡಬೇಡಿ.

ವಕೀಲರು: ಯಂತ್ರ ಒಡೆಯುವುದು ಅಪರಾಧ, ಅದಕ್ಕೆ ಪ್ರಕರಣ ದಾಖಲಾಯಿತು. ಮನೆಯಲ್ಲಿ ಕುಳಿತದ್ದು ಅಪರಾಧವಲ್ಲ. ಆ ಊರಿನವರ ಕೈಯಲ್ಲಿ ಸರ್ಕಾರದ ಕಿವಿ ಹಿಂಡಲು ಉಳಿದಿದ್ದದ್ದು ಅದೊಂದೇ. ಮತದಾನವನ್ನು ಕಡ್ಡಾಯ ಮಾಡಿದರೆ ಅದನ್ನೂ ಕಿತ್ತುಕೊಂಡಂತೆ. ಸರ್, ನಿಮ್ಮ ಬಗ್ಗೆ ಗೌರವವಿದೆ, ಆದರೆ ಈ ಮಾತಿನಲ್ಲಿ ನಾನು ಹನೂರಿನವರ ಪರ.

ವಿದ್ಯಾರ್ಥಿ, ಧಾರವಾಡ: ನಮ್ಮ ಗ್ರಾಮ ಪಂಚಾಯತಿಯಲ್ಲಿ ಮತದಾನ ಈಗಾಗಲೇ ಕಡ್ಡಾಯ ಎಂದು ಗೆಳೆಯ ಹೇಳುತ್ತಾನೆ. ಹೌದೇ?

ವಕೀಲರು: ಹೌದು. 2015ರಲ್ಲಿ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಹಾಗೆ ಮಾಡಿದರು. ತಪ್ಪಿದವರಿಗೆ ಶಿಕ್ಷೆ ಇಟ್ಟಿಲ್ಲ.

ಮೆಲ್ಬರ್ನ್ ಕನ್ನಡಿಗ: ಮೇಡಂ, ನಾನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ನಮ್ಮೂರಿಗೆ ಮತ ಹಾಕಬಹುದೇ?

ವಕೀಲರು: ಅಲ್ಲಿ ಮತ ಹಾಕುತ್ತಿದ್ದರೆ ನೀವು ಆ ದೇಶದ ನಾಗರಿಕರು. ಇಲ್ಲಿ ನಿಮಗೆ ಮತವಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ನಮೂನೆ 6ಎ ಮೂಲಕ ಹೆಸರು ಸೇರಿಸಿ, ಊರಿಗೇ ಬಂದು ಮತ ಹಾಕಬೇಕು.

ಪೀಣ್ಯದ ಸಣ್ಣ ಕಾರ್ಖಾನೆಯವರು: ಮೇಡಂ, ನಮೂನೆ 6. ಊರಿನ ಹೆಸರು ತೆಗೆಸಿಲ್ಲ. ಸಹಿ ಅವರೇ ಹಾಕಿದ್ದಾರೆ.

ವಕೀಲರು: ಹಾಗಾದರೆ ಕೇಳಿ. ನಮೂನೆ 6 ಹೊಸದಾಗಿ ಹೆಸರು ಸೇರಿಸುವವರಿಗೆ. ಬೇರೆಲ್ಲಿಯೂ ನನ್ನ ಹೆಸರಿಲ್ಲ ಎಂಬ ಘೋಷಣೆಯ ಕೆಳಗೆ ಆ ಹುಡುಗರು ಸಹಿ ಹಾಕಿದ್ದಾರೆ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆ. ಸೂಚನೆ ಅಂಟಿಸಿದವರು ನೀವು, ಅರ್ಜಿ ತುಂಬಿದವರು ನೀವು, ಸಿಕ್ಕಿಬೀಳುವವರು ಮೊದಲು ಅವರು. ಇನ್ನು ಎರಡು ಕ್ಷೇತ್ರಗಳಲ್ಲಿಯೂ ಮತ ಹಾಕಿಬಿಟ್ಟರೆ 1951ರ ಕಾಯ್ದೆಯ 62ನೇ ಕಲಮಿನ ಪ್ರಕಾರ ಎರಡೂ ಮತ ಅಸಿಂಧು.

ಸರಿಪಡಿಸುವ ದಾರಿ ಇದೆ. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಕೇಳಿ: ನಿನ್ನ ವಾಸ ಎಲ್ಲಿ, ಹೆಸರು ಎಲ್ಲಿರಬೇಕು? ಹೆಂಡತಿ ಮಕ್ಕಳು ಊರಲ್ಲಿದ್ದು, ಬಿತ್ತನೆ ಕೊಯ್ಲಿಗೆ ಹೋಗಿಬರುವವನು ಊರೇ ನನ್ನ ವಾಸ ಎಂದರೆ, ಅಂಥವನು ನಮೂನೆ 7 ಕೊಟ್ಟು ಪೀಣ್ಯದ ಹೆಸರನ್ನು ತೆಗೆಸಲಿ. ಸಂಸಾರ ಸಮೇತ ಇಲ್ಲಿ ನೆಲೆಸಿದವನು ಊರಿನ ಹೆಸರನ್ನು ತೆಗೆಸಲಿ. ಮುಂದೆ ವಿಳಾಸ ಬದಲಿಗೆ ನಮೂನೆ 8 ಮಾತ್ರ. ನಿರ್ಧಾರ ಅವರದು. ನಿಮ್ಮ ಮೇಸ್ತ್ರಿ ಹತ್ತಿರ ನಿಲ್ಲಬಾರದು.

ಇನ್ನು ಕೋಣೆಯಲ್ಲಿ ಮಲಗಿದ್ದರು ಎಂದಿರಲ್ಲ. ರಾಯಚೂರಿಗೆ 400 ಕಿಲೋಮೀಟರ್. ಒಂದು ದಿನದ ರಜೆಯಲ್ಲಿ ಹೋಗಿ, ಸರದಿಯಲ್ಲಿ ನಿಂತು, ಮರುದಿನ ಬೆಳಿಗ್ಗೆ ಲೇತಿನ ಮುಂದೆ ನಿಲ್ಲಲು ನಿಮ್ಮಿಂದ ಆದೀತೇ? ವಲಸೆ ಬಂದವರು ಇದ್ದಲ್ಲಿಂದಲೇ ತಮ್ಮೂರಿಗೆ ಮತ ಹಾಕಲೆಂದು 72 ಕ್ಷೇತ್ರಗಳನ್ನು ನಿಭಾಯಿಸುವ ಯಂತ್ರವೊಂದನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಹಲವು ಪಕ್ಷಗಳು ವಿರೋಧಿಸಿದವು. ಅದು ಬಳಕೆಗೆ ಬಂದಿಲ್ಲ. ಅಂಥದ್ದಕ್ಕೆ ದನಿ ಎತ್ತಿ. ಅದಕ್ಕೂ ಮೊದಲು, ನಿಮ್ಮ ಕೈಯಲ್ಲೇ ಇರುವುದನ್ನು ಮಾಡಿ: ಹಿಂದುಮುಂದೆ ಎರಡು ದಿನ ರಜೆ ಸೇರಿಸಿ ಕೊಡಿ.

ಶಿಕ್ಷಕಿ, ಗದಗ: ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ.

ವ್ಯಾಪಾರಿ, ಹುಬ್ಬಳ್ಳಿ: ಎಲ್ಲರಿಗೂ ತಿಳಿಸಿ! ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ 'ಚಾಲೆಂಜ್ ವೋಟ್' ಕೇಳಿ. ಬೂತಿನಲ್ಲಿ ಶೇ. 14ಕ್ಕಿಂತ ಹೆಚ್ಚು 'ಟೆಂಡರ್ಡ್ ವೋಟ್' ಬಿದ್ದರೆ ಮರುಮತದಾನ! ಕನಿಷ್ಠ ಹತ್ತು ಗುಂಪುಗಳಿಗೆ ಕಳುಹಿಸಿ.

ವಕೀಲರು: ಫಾರ್ವರ್ಡ್ ಹಾಕಬೇಡಿ ಎಂದು ಮೊದಲ ಸಾಲಿನಲ್ಲೇ ಬರೆದಿದೆ. ಪ್ರತಿ ಚುನಾವಣೆಯಲ್ಲಿ ಇದನ್ನು ನಂಬಿ ಬೂತಿಗೆ ಬಂದು, ಜಗಳವಾಡಿ, ಮತ ಹಾಕದೆ ಹೋಗುವವರನ್ನು ನೋಡಿ ನನಗೆ ಸಾಕಾಗಿದೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಯಾವ ಗುರುತಿನ ಚೀಟಿ ತೋರಿಸಿದರೂ ಮತವಿಲ್ಲ. ಚಾಲೆಂಜ್ ಮಾಡುವುದು ಮತಗಟ್ಟೆಯ ಏಜೆಂಟ್: ಬಂದವನು ಆ ಮತದಾರನೇ ಅಲ್ಲ ಎಂದು 2 ರೂಪಾಯಿ ಕಟ್ಟಿ ತಕರಾರು ತೆಗೆಯುತ್ತಾನೆ. ನಿಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದರೆ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಅದು ಟೆಂಡರ್ಡ್ ವೋಟ್. ಲಕೋಟೆಯಲ್ಲಿ ಇರುತ್ತದೆ, ಎಣಿಕೆಗೆ ಸೇರುವುದಿಲ್ಲ, ತಕರಾರು ಅರ್ಜಿಯಲ್ಲಿ ನ್ಯಾಯಾಲಯ ನೋಡಬಹುದು. ಶೇ. 14ರ ನಿಯಮ ಎಲ್ಲಿಯೂ ಇಲ್ಲ. ದಯವಿಟ್ಟು ಆ ಸಂದೇಶವನ್ನು ಅಳಿಸಿ.

ವ್ಯಾಪಾರಿ, ಹುಬ್ಬಳ್ಳಿ: ನನಗೆ ಕಳುಹಿಸಿದವರೂ ವಕೀಲರೇ.

ವಕೀಲರು: ಅವರನ್ನೇ ಕೇಳಿಕೊಳ್ಳಿ.

ನಿವೃತ್ತ ಉಪನ್ಯಾಸಕರು, ಶಿವಮೊಗ್ಗ: ಒಟ್ಟಿನಲ್ಲಿ ಮಲಗಿದವನಿಗೂ ಬಿಸಿಲಿನಲ್ಲಿ ನಿಂತವನಿಗೂ ಒಂದೇ ಬೆಲೆ. ಈ ಗುಂಪಿನಲ್ಲಿ ಕರ್ತವ್ಯ ಎಂದವನೇ ತಪ್ಪಿತಸ್ಥ.

ಹನೂರು ತಾಲ್ಲೂಕಿನ ಸದಸ್ಯ: ತಪ್ಪಿತಸ್ಥ ಎಂದು ಯಾರೂ ಅನ್ನಲಿಲ್ಲ. ಇಂಡಿಗನತ್ತದವರಿಗೆ ದಂಡದ ಚೀಟಿ ಕೊಡಲು ಹೋಗುತ್ತೀರಾ ಎಂದು ಕೇಳಿದೆ, ಉತ್ತರ ಬರಲಿಲ್ಲ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಪೀಣ್ಯದ ಸಣ್ಣ ಕಾರ್ಖಾನೆಯವರು: ಮೇಡಂ, ಸೂಚನೆ ತೆಗೆದೆ. ಆದರೆ ಆರ್ಡರ್ ಮುಗಿಸುವ ಗಡುವು ಇದೆ, ಮೂರು ದಿನ ರಜೆ ಆಗದು. ಹಳೆಯ ಫೋಟೋಗಳು ಗುಂಪಿನಲ್ಲಿ ಇವೆ, ಪರವಾಗಿಲ್ಲವೇ?

ವಕೀಲರು: ಹಾಗೆ ಬಿಡಬೇಡಿ, ಅಳಿಸಿ. ರಜೆಯ ಲೆಕ್ಕ ನಿಮಗೆ ಬಿಟ್ಟದ್ದು. ರಜೆ ಕೊಡಲಾಗದಿದ್ದರೆ, ಊರಿಗೆ ಹೋಗದವನನ್ನು ಮರುದಿನ ಪ್ರಶ್ನಿಸಬೇಡಿ. ಅರ್ಜಿಗಳ ವಿಷಯ ಮಾತ್ರ ತಡಮಾಡುವಂತಿಲ್ಲ. ನಾಳೆ ಹುಡುಗರ ಮತದಾರರ ಗುರುತಿನ ಸಂಖ್ಯೆಗಳನ್ನು ಬರೆದುಕೊಂಡು ನನಗೆ ನೇರವಾಗಿ ಫೋನ್ ಮಾಡಿ, ಅವುಗಳನ್ನು ಇಲ್ಲಿ ಗುಂಪಿನಲ್ಲಿ ಹಾಕಬೇಡಿ.